ಚಳಿಗೂ ಸೆಖೆಗೂ ಬಗ್ಗದ ಬೂಷ್ಟು: ಅದರ ಎಣ್ಣೆಪೊರೆಯ ಗುಟ್ಟು

ಧನುರ್ಮಾಸದ ಚಳಿಯಲ್ಲಿ ನಮ್ಮ ಹಾಸನ ಸೀಮೆಯ ಯಾವ ಮನೆಗೆ ಹೋದರೂ ಒಂದು ನೋಟ ಸಾಮಾನ್ಯ. ಬೆಳಗ್ಗೆ ತಲೆಗೆ ಹಚ್ಚಲೆಂದು ತೆಂಗಿನೆಣ್ಣೆಯ ಶೀಸೆ ತೆಗೆದರೆ ಅದು ಮೇಣದಂತೆ ಗಟ್ಟಿಯಾಗಿ ಕೂತಿರುತ್ತದೆ. ಬಿಸಿಲಿಗೋ ಒಲೆಯ ಮಗ್ಗುಲಿಗೋ ಇಟ್ಟರೆ ಮಾತ್ರ ಕರಗುತ್ತದೆ. ಅದೇ ಗೂಡಿನಲ್ಲಿ ಪಕ್ಕದಲ್ಲೇ ಇಟ್ಟ ಹುಚ್ಚೆಳ್ಳೆಣ್ಣೆ ಎಂದಿನಂತೆ ಸರಾಗವಾಗಿ ಸುರಿಯುತ್ತದೆ. ಚಳಿ ಎರಡಕ್ಕೂ ಒಂದೇ. ಎಣ್ಣೆಯ ಗುಣ ಮಾತ್ರ ಬೇರೆ.

ಈ ಸಣ್ಣ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ತೋಟಕ್ಕೆ ಇಳಿಯೋಣ. ಡಿಸೆಂಬರ್ ಚಳಿಯಲ್ಲಿ ಕಾಫಿ ಎಲೆಯ ಅಡಿಯಲ್ಲಿ ತುಕ್ಕಿನ ಹುಡಿ ಇದೆ. ಏಪ್ರಿಲ್ ತಿಂಗಳ ಸೆಖೆಯನ್ನು ದಾಟಿ ಮುಂಗಾರಿಗೆ ಅದೇ ತುಕ್ಕು ಮತ್ತೆ ಏಳುತ್ತದೆ. ಅಡಿಕೆಯ ಕೊಳೆರೋಗ ಬೇಸಿಗೆಯಲ್ಲಿ ಕಣ್ಮರೆಯಾಗಿ ಆಷಾಢದ ಮಳೆಯಲ್ಲಿ ಹಾಜರಾಗುತ್ತದೆ. ಗೊಬ್ಬರದ ರಾಶಿಯ ನಡುವೆ ಕೈ ಹಾಕಲಾಗದಷ್ಟು ಬಿಸಿಯಿದ್ದರೂ ಅಲ್ಲೊಂದು ಬಗೆಯ ಬಿಳಿ ಬೂಷ್ಟು ಬೆಳೆದಿರುತ್ತದೆ. ಇವಕ್ಕೆ ಹೊದಿಕೆಯಿಲ್ಲ, ನೆರಳಿಗೆ ಓಡಲು ಕಾಲಿಲ್ಲ. ಹಾಗಿದ್ದೂ ಚಳಿ ಸೆಖೆಗಳನ್ನು ಇವು ತಾಳಿಕೊಳ್ಳುವುದು ಹೇಗೆ?

ವಿಜ್ಞಾನಿಗಳು ಕಂಡುಕೊಂಡ ಉತ್ತರದಲ್ಲಿ ಬಹುಪಾಲು ಇರುವುದು ಎಣ್ಣೆಯ ಮಾತೇ. ಇದು ಪ್ರಯೋಗಶಾಲೆಯ ವಿಷಯ, ನಮಗೇಕೆ ಎಂದು ಬೆಳೆಗಾರ ಬಂಧುಗಳು ಪುಟ ತಿರುವಬಾರದು. ಯಾವ ರೋಗಕ್ಕೆ ಯಾವ ಔಷಧಿ ನಾಟುತ್ತದೆ, ಯಾವುದು ಬರೀ ನೀರು ಹೊಯ್ದಂತೆ ಆಗುತ್ತದೆ ಎಂಬುದೂ ಇದೇ ಎಣ್ಣೆಯ ಮಾತಿಗೆ ಸೇರಿದೆ. ಅದನ್ನು ನಾವು ದುಡ್ಡು ಕೊಟ್ಟು ಕಲಿತವರು. ಆ ಕಥೆ ಮುಂದೆ ಬರುತ್ತದೆ.

ಜೀವಕೋಶದ ಬೇಲಿ

ಬೂಷ್ಟು, ಅಣಬೆ, ತುಕ್ಕು, ದೋಸೆಹಿಟ್ಟು ಹುಳಿಯಾಗುವಾಗ ಅದರಲ್ಲಿ ಸೇರಿಕೊಳ್ಳುವ ಈಸ್ಟ್, ಇವೆಲ್ಲ ಶಿಲೀಂಧ್ರ ಎಂಬ ಒಂದೇ ಕುಲಕ್ಕೆ ಸೇರಿದವು. ಬೂಷ್ಟಿನ ಮೈ ಎಂದರೆ ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಎಳೆಗಳು. ಒಂದೊಂದು ಎಳೆಗೂ ಹೊರಗೊಂದು ಗಟ್ಟಿ ಗೋಡೆ ಇದೆ. ಗೋಡೆಯ ಒಳಮಗ್ಗುಲಿಗೆ ಅಂಟಿಕೊಂಡಂತೆ ತೆಳುವಾದ ಪೊರೆಯೊಂದಿದೆ. ಇದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಈ ಪೊರೆ ಆಗಿರುವುದು ಮುಖ್ಯವಾಗಿ ಎಣ್ಣೆಯ ಜಾತಿಯ ವಸ್ತುಗಳಿಂದ.

ಪೊರೆಯನ್ನು ತೋಟದ ಬೇಲಿಗೆ ಹೋಲಿಸಬಹುದು. ಬೇಲಿಯಲ್ಲಿ ತಡಿಕೆ ಬಾಗಿಲುಗಳಿರುವಂತೆ ಪೊರೆಯಲ್ಲೂ ನೂರಾರು ಬಗೆಯ ಬಾಗಿಲುಗಳಿವೆ. ಸಕ್ಕರೆ, ಲವಣ, ಸಾರಜನಕ ಒಳಗೆ ಬರುವುದೂ ಬೇಡದ ವಸ್ತು ಹೊರಗೆ ಹೋಗುವುದೂ ಈ ಬಾಗಿಲುಗಳ ಮೂಲಕವೇ. ಎಲೆಯನ್ನು ಕರಗಿಸಿ ತಿನ್ನುವ ರಸಗಳು ಹೊರಬೀಳುವುದೂ ಪೊರೆಯನ್ನು ದಾಟಿಯೇ. ಬಾಗಿಲುಗಳು ತೆರೆದು ಮುಚ್ಚಬೇಕಾದರೆ ಸುತ್ತಲಿನ ಎಣ್ಣೆ ಹದವಾಗಿರಬೇಕು. ಅತಿ ಗಟ್ಟಿಯಾದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಮಳೆಗಾಲದಲ್ಲಿ ಉಬ್ಬಿದ ಮರದ ಕದದ ಹಾಗೆ. ಅತಿ ತೆಳುವಾದರೆ ಬೇಲಿಯೇ ಸಡಿಲವಾಗಿ ಒಳಗಿನ ಸತ್ವವೆಲ್ಲ ಸೋರಿಹೋಗುತ್ತದೆ. ಚಳಿ ಪೊರೆಯನ್ನು ಗಟ್ಟಿ ಮಾಡುತ್ತದೆ, ಸೆಖೆ ತೆಳು ಮಾಡುತ್ತದೆ. ಬದುಕಬೇಕಾದ ಬೂಷ್ಟು ಈ ಎರಡರ ನಡುವೆ ಹದ ಕಾಯ್ದುಕೊಳ್ಳಲೇಬೇಕು.

ದಬ್ಬೆಯ ಕಟ್ಟು, ಕಾಫಿ ಕಡ್ಡಿಯ ರಾಶಿ

ತೆಂಗಿನೆಣ್ಣೆ ಹೆಪ್ಪುಗಟ್ಟುವುದೇಕೆ, ಹುಚ್ಚೆಳ್ಳೆಣ್ಣೆ ಹೆಪ್ಪುಗಟ್ಟದಿರುವುದೇಕೆ ಎಂದು ತಿಳಿದರೆ ಮುಂದಿನದು ಸುಲಭ. ಎಣ್ಣೆಯ ಕಣಗಳಲ್ಲಿ ಉದ್ದನೆಯ ಎಳೆಗಳಿರುತ್ತವೆ. ತೆಂಗಿನೆಣ್ಣೆಯ ಎಳೆಗಳಲ್ಲಿ ಹೆಚ್ಚಿನವು ನೆಟ್ಟಗಿವೆ. ಹುಚ್ಚೆಳ್ಳೆಣ್ಣೆಯ ಎಳೆಗಳಲ್ಲಿ ಹೆಚ್ಚಿನವು ಒಂದೆರಡು ಕಡೆ ಬಾಗಿವೆ. ಸೀಳಿದ ಅಡಿಕೆ ದಬ್ಬೆಗಳನ್ನು ಒಟ್ಟಿದರೆ ಒಂದರ ಮೇಲೊಂದು ಒತ್ತಾಗಿ ಕೂತು ಬಿಗಿಯಾದ ಕಟ್ಟಾಗುತ್ತದೆ. ಕಸಿ ಮಾಡಿದ ಕಾಫಿ ಕಡ್ಡಿಗಳನ್ನು ಒಟ್ಟಿ ನೋಡಿ, ಎಷ್ಟು ತುಳಿದರೂ ನಡುವೆ ಸಂದು ಉಳಿಯುತ್ತದೆ. ನೆಟ್ಟಗಿನ ಎಳೆಯ ಎಣ್ಣೆ ಸುಮಾರು 24 ಡಿಗ್ರಿ ಸೆಂಟಿಗ್ರೇಡಿಗೇ ಬಿಗಿದುಕೊಂಡರೆ, ಬಾಗಿದ ಎಳೆಯ ಎಣ್ಣೆ ಕೊರೆಯುವ ಚಳಿಯಲ್ಲೂ ಹರಿಯುವುದು ಇದೇ ಕಾರಣಕ್ಕೆ.

ಶಿಲೀಂಧ್ರ ಮಾಡುವ ಉಪಾಯವೂ ಇದೇ. ಅದರ ಪೊರೆಯಲ್ಲಿ ಎರಡು ಬಗೆಯ ಎಳೆಗಳೂ ಬೆರೆತಿವೆ. ಚಳಿ ಬಿದ್ದಾಗ ನೆಟ್ಟಗಿನ ಎಳೆಯನ್ನು ಹಿಡಿದು ಬಾಗಿಸುವ ಕಿಣ್ವಗಳನ್ನು ಅದು ಹೆಚ್ಚು ತಯಾರಿಸುತ್ತದೆ. ಪೊರೆಯಲ್ಲಿ ಹುಚ್ಚೆಳ್ಳೆಣ್ಣೆಯ ಪಾಲು ಏರಿತು ಎಂದುಕೊಳ್ಳಬಹುದು. ಸೆಖೆ ಬಂದಾಗ ಬಾಗಿಸುವ ಕೆಲಸ ನಿಧಾನವಾಗುತ್ತದೆ, ಹೊಸದಾಗಿ ಕಟ್ಟುವ ಪೊರೆಯಲ್ಲಿ ತೆಂಗಿನೆಣ್ಣೆಯ ಪಾಲು ಹೆಚ್ಚುತ್ತದೆ. ಹೀಗೆ ಹೊರಗಿನ ಹವೆ ಬದಲಾದರೂ ಪೊರೆಯ ಹದ ಬದಲಾಗದಂತೆ ನೋಡಿಕೊಳ್ಳುವ ಈ ಕ್ರಮವನ್ನು ಅಮೆರಿಕದ ಮೈಕೆಲ್ ಸಿನೆನ್ಸ್ಕಿ ಎಂಬ ವಿಜ್ಞಾನಿ 1974ರಲ್ಲಿ ಬ್ಯಾಕ್ಟೀರಿಯಾದಲ್ಲಿ ಗುರುತಿಸಿದರು. ಬಳಿಕ ಈಸ್ಟ್, ಬೂಷ್ಟು, ಮೀನು, ಗಿಡಮರಗಳಲ್ಲೂ ಇದೇ ಬಗೆಯ ಏರ್ಪಾಟು ಕಂಡುಬಂತು.

ಆದರೆ ಈ ಹೊಂದಾಣಿಕೆಗೆ ಸಮಯ ಬೇಕು. ನಿಧಾನವಾಗಿ ಹವೆ ಬದಲಾದರೆ ಬೂಷ್ಟು ಪೊರೆಯನ್ನು ತಿದ್ದಿಕೊಳ್ಳುತ್ತದೆ. ಒಮ್ಮೆಲೇ ಕಾವು ಏರಿದರೆ ತಿದ್ದಿಕೊಳ್ಳಲು ಪುರಸೊತ್ತಿಲ್ಲದೆ ಸಾಯುತ್ತದೆ. ಸೌಮ್ಯವಾದ ಕಾವನ್ನು ಒಮ್ಮೆ ಉಂಡ ಬೂಷ್ಟು ಮಾತ್ರ ಮುಂದೆ ಬರುವ ಬಲವಾದ ಕಾವನ್ನೂ ತಾಳುತ್ತದೆ. ಆ ಹೊತ್ತಿನಲ್ಲಿ ಅದು ಟ್ರೆಹಲೋಸ್ ಎಂಬ ಒಂದು ಬಗೆಯ ಸಕ್ಕರೆಯನ್ನು ಮೈಯೊಳಗೆ ಶೇಖರಿಸಿಕೊಳ್ಳುತ್ತದೆ. ಹಣ್ಣನ್ನು ಸಕ್ಕರೆ ಪಾಕದಲ್ಲಿ ಕಾಪಿಟ್ಟಂತೆ ಈ ಸಕ್ಕರೆ ಪೊರೆಯನ್ನೂ ಒಳಗಿನ ಪ್ರೋಟೀನುಗಳನ್ನೂ ಕೆಡದಂತೆ ಕಾಯುತ್ತದೆ. ಈ ಮಾತನ್ನು ಮರೆಯದಿರಿ, ಗೊಬ್ಬರದ ಗುಂಡಿಯ ಬಳಿ ಇದು ಮತ್ತೆ ಬೇಕಾಗುತ್ತದೆ.

ಎಣ್ಣೆಯ ನಡುವಿನ ಗಾರೆ

ಎಣ್ಣೆಯ ಎಳೆಗಳ ನಡುವೆ ಇನ್ನೊಂದು ವಸ್ತುವಿದೆ. ಕಲ್ಲುಗಳ ನಡುವೆ ಗಾರೆ ತುಂಬಿದಂತೆ ಅದು ಎಳೆಗಳ ನಡುವೆ ಕೂರುತ್ತದೆ. ಸೆಖೆಯಲ್ಲಿ ಎಳೆಗಳು ಅಡ್ಡಾದಿಡ್ಡಿ ಓಡದಂತೆ ತಡೆಯುತ್ತದೆ, ಚಳಿಯಲ್ಲಿ ಒಂದಕ್ಕೊಂದು ಅಂಟಿ ಬಿಗಿಯದಂತೆ ಬಿಡಿಸಿಡುತ್ತದೆ. ಮನುಷ್ಯರಲ್ಲೂ ದನಕರುಗಳಲ್ಲೂ ಈ ಗಾರೆ ಎಂದರೆ ಕೊಲೆಸ್ಟರಾಲ್. ಗಿಡಮರಗಳಲ್ಲಿ ಅದರದೇ ದಾಯಾದಿಗಳಾದ ಬೇರೆ ವಸ್ತುಗಳಿವೆ. ಶಿಲೀಂಧ್ರಗಳಲ್ಲಿ ಇರುವುದು ಎರ್ಗೊಸ್ಟೆರಾಲ್. ಇದನ್ನು 1889ರಲ್ಲಿ ಫ್ರಾನ್ಸಿನ ಶಾರ್ಲ್ ತಾನ್ರೆ ಎಂಬವರು ರೈ ಧಾನ್ಯದ ತೆನೆಗೆ ಬರುವ ಎರ್ಗಟ್ ಎಂಬ ಶಿಲೀಂಧ್ರದಿಂದ ಬೇರ್ಪಡಿಸಿದರು. ಹೆಸರು ಬಂದದ್ದೂ ಹಾಗೆಯೇ.

ಇಲ್ಲಿಯೇ ಔಷಧಿ ತಯಾರಕರಿಗೆ ಒಂದು ದಾರಿ ಸಿಕ್ಕಿತು. ಎರ್ಗೊಸ್ಟೆರಾಲ್ ನಮ್ಮ ಮೈಯಲ್ಲಿಲ್ಲ, ಕಾಫಿ ಗಿಡದಲ್ಲೂ ಇಲ್ಲ. ಅದರ ತಯಾರಿಯನ್ನು ತಡೆದರೆ ಗಿಡ ಉಳಿದು ಬೂಷ್ಟು ಸಾಯಬೇಕು. ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್, ಟೆಬುಕೊನಜೋಲ್, ಟ್ರೈಯಾಡಿಮೆಫಾನ್ ಮುಂತಾಗಿ ನಾವು ಅಂಗಡಿಯಲ್ಲಿ ಕೇಳುವ ಹೆಸರುಗಳೆಲ್ಲ ಈ ಕೆಲಸಕ್ಕೆಂದೇ ಹುಟ್ಟಿದವು. ಇವುಗಳನ್ನು ಟ್ರಯಜೋಲ್ ಗುಂಪು ಎನ್ನುತ್ತಾರೆ. ಇವು ತಾಗಿದಾಗ ಶಿಲೀಂಧ್ರ ಸರಿಯಾದ ಗಾರೆಯ ಬದಲು ಕೆಟ್ಟ ಗಾರೆ ಕಲಸುತ್ತದೆ. ಪೊರೆ ಸೋರತೊಡಗಿ ಎಳೆ ಬೆಳೆಯದೆ ನಿಲ್ಲುತ್ತದೆ.

ಗೊಬ್ಬರದ ರಾಶಿಯ ಕುದಿಯಲ್ಲಿ

ಮೊದಲು ಸೆಖೆಯ ತುದಿಯನ್ನು ನೋಡೋಣ. ಕಾಫಿ ಹಣ್ಣಿನ ಸಿಪ್ಪೆ, ಅಡಿಕೆ ಸಿಪ್ಪೆ, ಸೊಪ್ಪು, ಸಗಣಿ ಸೇರಿಸಿ ರಾಶಿ ಹಾಕಿದರೆ ಕೆಲವೇ ದಿನಗಳಲ್ಲಿ ನಡುವೆ 50, 60 ಡಿಗ್ರಿಯ ಕಾವು ಏಳುತ್ತದೆ. ಹಸಿಯಾಗಿ ಒಟ್ಟಿದ ಹುಲ್ಲಿನ ಮೆದೆ ಒಳಗಿನಿಂದಲೇ ಬಿಸಿಯಾಗುವುದನ್ನು ಕಂಡವರು ನಮ್ಮಲ್ಲಿ ಹಲವರಿದ್ದಾರೆ. ಜರ್ಮನಿಯ ಹ್ಯೂಗೊ ಮಿಹೆ ಎಂಬವರು 1907ರಲ್ಲಿ ಇದಕ್ಕೆ ಸೂಕ್ಷ್ಮಜೀವಿಗಳೇ ಕಾರಣವೆಂದು ತೋರಿಸಿ, ಆ ಕಾವಿನಲ್ಲೇ ಬಾಳುವ ಬೂಷ್ಟುಗಳನ್ನು ಬೇರ್ಪಡಿಸಿದರು. ಅದಕ್ಕೂ ಮೊದಲು, 1899ರಲ್ಲಿ, ರಷ್ಯದ ಸಿಕ್ಲಿನ್ಸ್‌ಕಾಯ ಎಂಬ ವಿಜ್ಞಾನಿಗೆ ತೋಟದ ಮಣ್ಣು ತಾಗಿಸಿದ ಆಲೂಗೆಡ್ಡೆಯ ಮೇಲೆ ಅಂಥದೊಂದು ಬೂಷ್ಟು ಸಿಕ್ಕಿತ್ತು. ಥರ್ಮೊಮೈಸಿಸ್ ಲ್ಯಾನುಜಿನೋಸಸ್ ಎಂದು ಅದರ ಹೆಸರು.

ಲಕ್ಷಗಟ್ಟಲೆ ಬಗೆಯ ಶಿಲೀಂಧ್ರಗಳಲ್ಲಿ 50 ಡಿಗ್ರಿ ಮೀರಿ ಬೆಳೆಯಬಲ್ಲವು ಕೆಲವು ಹತ್ತುಗಳಷ್ಟು ಮಾತ್ರ. ಸುಮಾರು 60 ಡಿಗ್ರಿ ದಾಟಿದ ಮೇಲೆ ಇವುಗಳ ಆಟವೂ ನಡೆಯುವುದಿಲ್ಲ. ಈ ಬೂಷ್ಟುಗಳ ವಿಚಾರದಲ್ಲಿ ಜಗತ್ತಿಗೆ ಪಾಠ ಹೇಳಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಮೇಶ್ ಮಹೇಶ್ವರಿಯವರು ಪ್ರಮುಖರು. ಅವರೂ ಅವರ ಸಂಗಡಿಗರೂ 2000ದಲ್ಲಿ ಪ್ರಕಟಿಸಿದ ದೀರ್ಘ ಲೇಖನವನ್ನು ಈ ವಿಷಯ ಓದುವವರು ಇಂದಿಗೂ ತೆಗೆದು ನೋಡುತ್ತಾರೆ. ಮೇಲೆ ಹೇಳಿದ ಥರ್ಮೊಮೈಸಿಸ್ ಬೂಷ್ಟನ್ನು 50 ಡಿಗ್ರಿಯಲ್ಲಿ ಬೆಳೆಸಿದಾಗ ಇರುವುದಕ್ಕಿಂತ 30 ಡಿಗ್ರಿಯಲ್ಲಿ ಬೆಳೆಸಿದಾಗ ಅದರ ಮೈಯಲ್ಲಿ ಲಿನೋಲಿಕ್ ಆಮ್ಲ ಹೆಚ್ಚಾಗಿರುವುದು ಕಂಡುಬಂದಿದೆ. ಹುಚ್ಚೆಳ್ಳೆಣ್ಣೆಯಲ್ಲಿ ಬಹುಪಾಲು ಇರುವುದೂ ಈ ಲಿನೋಲಿಕ್ ಆಮ್ಲವೇ. ನಮಗೆ ಬೆವರಿಳಿಸುವ 30 ಡಿಗ್ರಿ ಆ ಬೂಷ್ಟಿಗೆ ಚಳಿಗಾಲ ಎಂದಾಯಿತು. ಆದರೆ ಸೆಖೆಯ ಬೂಷ್ಟುಗಳೆಲ್ಲ ಹೀಗೆ ಎಳೆ ಬಾಗಿಸಿಯೇ ಬದುಕುತ್ತವೆ ಎನ್ನುವಂತಿಲ್ಲ. ಕೆಲವು ಟ್ರೆಹಲೋಸ್ ಸಕ್ಕರೆಯನ್ನೂ ಬೇರೆ ಬಗೆಯ ಪೊರೆ ವಸ್ತುಗಳನ್ನೂ ನೆಚ್ಚಿಕೊಂಡಿವೆ.

ಬೆಳೆಗಾರರಿಗೆ ಇದರಿಂದ ಎರಡು ಪಾಠಗಳಿವೆ. ಒಂದು, ರೋಗ ತಂದ ಕಾಯಿ, ಸೋಗೆ, ಎಲೆಗಳನ್ನು ರಾಶಿಗೆ ಹಾಕುವುದಾದರೆ ನಡುವಿಗೆ ಹಾಕಬೇಕು. ರಾಶಿಯ ಅಂಚಿನಲ್ಲಿ ಕಾವು ಸೌಮ್ಯ. ಅಲ್ಲಿರುವ ರೋಗಾಣು ಸಾಯುವ ಬದಲು ಕಾವಿಗೆ ಒಗ್ಗಿಕೊಳ್ಳುತ್ತದೆ. ಆದುದರಿಂದ ರಾಶಿಯನ್ನು ಎರಡು ಮೂರು ಬಾರಿ ಬುಡಮೇಲು ಮಾಡಿ, ಹೊರಗಿನದು ಒಳಗೆ ಬಂದು ಕೆಲವು ದಿನ 55 ಡಿಗ್ರಿಯ ಕಾವು ಉಣ್ಣುವಂತೆ ಮಾಡಬೇಕು.

ಎರಡು, ಟ್ರೈಕೋಡರ್ಮ. ಇದೂ ಶಿಲೀಂಧ್ರವೇ, ನಮಗೆ ಮಿತ್ರನಾದ ಶಿಲೀಂಧ್ರ. ಆದರೆ ಇದು 25ರಿಂದ 30 ಡಿಗ್ರಿಯ ಹದದಲ್ಲಿ ಚೆನ್ನಾಗಿ ಬೆಳೆಯುವಂಥದು, ಕುದಿಯುವ ರಾಶಿಯ ಜೀವಿಯಲ್ಲ. ಹೊಸ ರಾಶಿಗೆ ಪೊಟ್ಟಣ ಒಡೆದು ಸುರಿದರೆ ಎರಡೇ ದಿನದಲ್ಲಿ ಅದರ ಕಥೆ ಮುಗಿಯುತ್ತದೆ. ರಾಶಿ ಆರಿ, ಕೈ ಹಾಕಿದರೆ ತಣ್ಣಗೆ ತಾಗುವಂತಾದ ಮೇಲೆ ಬೆರೆಸಬೇಕು. ಪೊಟ್ಟಣಗಳನ್ನು ತಗಡಿನ ಕೊಟ್ಟಿಗೆಯಲ್ಲೋ ಬಿಸಿಲಿಗೆ ನಿಲ್ಲಿಸಿದ ಜೀಪಿನಲ್ಲೋ ಇಡುವುದೂ ತರವಲ್ಲ.

ತಂಪನ್ನೇ ಬಯಸುವ ಅಂಗಮಾರಿ

ಈಗ ಚಳಿಯ ತುದಿ. ಇದಕ್ಕೆ ನಾವು ಹಿಮಾಲಯಕ್ಕೆ ಹೋಗಬೇಕಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಮುಂಗಾರಿಗೆ ಆಲೂಗೆಡ್ಡೆ ಹಾಕಿದ ಯಾರನ್ನು ಕೇಳಿದರೂ ಹೇಳುತ್ತಾರೆ. ತೋಟ ಇರುವ ನಮ್ಮಲ್ಲಿಯೂ ಬಹಳ ಮಂದಿಗೆ ಹೊಲದಲ್ಲಿ ಆಲೂಗೆಡ್ಡೆ ಇತ್ತು, ಕೆಲವರಿಗೆ ಈಗಲೂ ಇದೆ. ಮೋಡ ಕವಿದು, ತುಂತುರು ಹಿಡಿದು, ಇರುಳು ತಂಪಾದರೆ ನಾಲ್ಕೈದು ದಿನದಲ್ಲಿ ಹಸಿರು ಹೊಲ ಕಪ್ಪಾಗುವುದನ್ನು ಕಂಡಿದ್ದೇವೆ. ಇದೇ ಅಂಗಮಾರಿ. ಐರ್ಲೆಂಡಿನಲ್ಲಿ 1845ರಿಂದ ಬರ ತಂದದ್ದು ಇದೇ ರೋಗ.

ಅಂಗಮಾರಿಯ ಜೀವಿಗೆ ಫೈಟಾಫ್ಥೊರ ಇನ್‌ಫೆಸ್ಟೆನ್ಸ್ ಎಂದು ಹೆಸರು. ಸುಮಾರು 15 ಡಿಗ್ರಿಗಿಂತ ಕೆಳಗೆ ತೇವ ಸಿಕ್ಕರೆ ಇದರ ಒಂದೊಂದು ಬೀಜಚೀಲವೂ ಒಡೆದು ಹಲವು ಈಜುಮರಿಗಳನ್ನು ಬಿಡುತ್ತದೆ. ಅವು ಎಲೆಯ ಮೇಲಿನ ನೀರಿನಲ್ಲಿ ಈಜಿ ಎಲೆಯನ್ನು ಕೊರೆಯುತ್ತವೆ. ಹವೆ 20 ಡಿಗ್ರಿ ದಾಟಿದರೆ ಚೀಲ ಒಡೆಯುವ ಬದಲು ತಾನೇ ಒಂದು ಮೊಳಕೆ ಬಿಡುವುದು ಹೆಚ್ಚು. 30 ಡಿಗ್ರಿಯ ಸೆಖೆ ಇದಕ್ಕೆ ಸಹಿಸದು. ಒಂದೇ ಚೀಲದಿಂದ ಹಲವು ಮರಿ ಬರುವುದರಿಂದಲೇ ತಂಪಿನ ಇರುಳುಗಳು ಅಷ್ಟು ಅಪಾಯ.

ಇದರ ಪೊರೆಯ ಎಣ್ಣೆ ಬಹಳ ವಿಶೇಷವಾದದ್ದು. ಇದರಲ್ಲಿ ನಾಲ್ಕೈದು ಕಡೆ ಬಾಗಿದ ಎಳೆಗಳಿವೆ. ಮೀನೆಣ್ಣೆಯಲ್ಲಿ ಸಿಗುವಂಥ ಎಳೆಗಳಿವು. ತಣ್ಣೀರಿನ ಮೀನು ಮರಗಟ್ಟದಂತೆ ಕಾಯುವ ಎಣ್ಣೆಯೇ ಈ ರೋಗಾಣುವಿನಲ್ಲೂ ಇರುವುದು ಸೋಜಿಗವಲ್ಲವೆ? ಆಲೂಗೆಡ್ಡೆ ಗಿಡದಲ್ಲಿ ಈ ಬಗೆಯ ಎಣ್ಣೆ ಇಲ್ಲ. ಆದುದರಿಂದ ಈ ಎಣ್ಣೆ ತಾಗಿದೊಡನೆ ಗೆಡ್ಡೆಯ ಜೀವಕೋಶಗಳು ವೈರಿಯೆಂದು ಗುರುತಿಸಿ ಪ್ರತಿಭಟಿಸುತ್ತವೆ ಎಂದು ಅಮೆರಿಕದ ಸಂಶೋಧಕರು 1981ರಲ್ಲಿ ತೋರಿಸಿದರು.

ಬಿತ್ತನೆ ಗೆಡ್ಡೆಯನ್ನು ಶೀತಲಗೃಹದಲ್ಲಿ 2ರಿಂದ 4 ಡಿಗ್ರಿಯಲ್ಲಿ ಇಡುತ್ತಾರೆ. ಆ ಚಳಿಗೆ ರೋಗಾಣು ಸಾಯುವುದಿಲ್ಲ, ಗೆಡ್ಡೆಯೊಳಗೆ ಮಲಗಿರುತ್ತದೆ. ಹೊರಗೆ ತೆಗೆದು ನೆಟ್ಟಾಗ ಗಿಡದ ಜೊತೆಗೆ ಎಚ್ಚರಗೊಳ್ಳುತ್ತದೆ. ದೂರದ ಊರುಗಳಿಂದ ಬಂದ ಗೆಡ್ಡೆಯನ್ನು ಆರಿಸದೆ, ಕೊಯ್ದು ನೋಡದೆ ನೆಡಬಾರದು ಎನ್ನುವುದು ಇದಕ್ಕಾಗಿಯೇ. ಯುರೋಪಿನಲ್ಲಿ 2004ರ ಸುಮಾರಿಗೆ ಕಾಣಿಸಿಕೊಂಡ 13_ಎ2 ಎಂಬ ಹೊಸ ತಳಿಯ ಅಂಗಮಾರಿ ದಕ್ಷಿಣ ಭಾರತಕ್ಕೂ ಬಂದು, ಟೊಮೆಟೊ ಮತ್ತು ಆಲೂಗೆಡ್ಡೆಯನ್ನು ಹಾಳುಗೆಡವಿತೆಂದು ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನಗಳಿಂದ ತಿಳಿದಿದೆ. ಈ ತಳಿ ಹಳೆಯ ಮದ್ದಾದ ಮೆಟಲಾಕ್ಸಿಲ್‌ಗೆ ಬಗ್ಗುವುದಿಲ್ಲ. ನಮ್ಮ ಸೀಮೆಯಲ್ಲಿ ಆಲೂಗೆಡ್ಡೆಯ ವಿಸ್ತೀರ್ಣ ಕುಗ್ಗಿದ್ದಕ್ಕೆ ಇರುವ ಕಾರಣಗಳಲ್ಲಿ ಅಂಗಮಾರಿಯ ಕಾಟ ದೊಡ್ಡದು.

ಹೆಸರು ಒಂದೇ, ಪೊರೆ ಎರಡು

ಅಂಗಮಾರಿಯ ಜೀವಿಯ ಬಗ್ಗೆ ಇಷ್ಟು ಬರೆದದ್ದು ಅದರ ಒಡಹುಟ್ಟಿದವನೊಬ್ಬ ನಮ್ಮ ಅಡಿಕೆ ತೋಟದಲ್ಲೇ ಇರುವುದರಿಂದ. ಅಡಿಕೆಯ ಕೊಳೆರೋಗ ತರುವುದೂ ಫೈಟಾಫ್ಥೊರ ಬಳಗವೇ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಮಳೆಗೆ ತೊಳೆದುಹೋಗದೆ ಕೊನೆಗಳಿಗೆ ಅಂಟಿಕೊಳ್ಳಲು ರಾಳದ ಸೋಪು ಬೆರೆಸುವ ಕ್ರಮವನ್ನು ನಮ್ಮ ಹಿರಿಯರಿಗೆ ಕಲಿಸಿದವರೂ ಅವರೇ. ಹವೆ 20ರಿಂದ 23 ಡಿಗ್ರಿಯಲ್ಲಿದ್ದು, ಗಾಳಿಯಲ್ಲಿ ತೇವ ತುಂಬಿ, ಮಳೆ ಬಿಸಿಲು ಆಗಾಗ ಬದಲಾಗುತ್ತಿದ್ದರೆ ಈ ರೋಗ ಬಲು ಬೇಗ ಹಬ್ಬುತ್ತದೆ.

ಮುಖ್ಯವಾದ ಮಾತು ಈಗ. ಫೈಟಾಫ್ಥೊರ ನೋಡಲು ಬೂಷ್ಟಿನಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ವಂಶದಲ್ಲಿ ಅದು ಕಡಲಿನ ಕಂದು ಪಾಚಿಗಳಿಗೆ ದಾಯಾದಿ. ಎರ್ಗೊಸ್ಟೆರಾಲ್ ತಯಾರಿಸುವ ವಿದ್ಯೆಯೇ ಅದಕ್ಕೆ ಗೊತ್ತಿಲ್ಲ. ಪೊರೆಗೆ ಬೇಕಾದ ಗಾರೆಯನ್ನು ತಾನು ಹಿಡಿದ ಗಿಡದಿಂದಲೇ ಕದಿಯುತ್ತದೆ. ಗಾರೆಯಿಲ್ಲದೆಯೂ ಎಳೆ ಬೆಳೆಸಬಲ್ಲುದು, ಆದರೆ ಸಂತಾನ ಬೆಳೆಸಲು ಕದ್ದ ಗಾರೆ ಬೇಕು. ತಾನು ತಯಾರಿಸದ ವಸ್ತುವಿನ ತಯಾರಿಯನ್ನು ತಡೆದರೆ ಅದಕ್ಕೇನು ನಷ್ಟ? ಆದುದರಿಂದ ಟ್ರಯಜೋಲ್ ಗುಂಪಿನ ಔಷಧಿಗಳು ಅಡಿಕೆಯ ಕೊಳೆರೋಗಕ್ಕಾಗಲಿ ಆಲೂಗೆಡ್ಡೆಯ ಅಂಗಮಾರಿಗಾಗಲಿ ಮದ್ದಲ್ಲ.

ನಾವು ದುಡ್ಡು ಕೊಟ್ಟು ಕಲಿತ ಪಾಠ ಇದೇ. ಒಂದು ವರ್ಷ ಕಾಫಿಯ ತುಕ್ಕಿಗೆಂದು ತಂದ ಹೆಕ್ಸಾಕೊನಜೋಲ್ ಮನೆಯಲ್ಲಿ ಉಳಿದಿತ್ತು. ಜುಲೈ ತಿಂಗಳಲ್ಲಿ ಅಡಿಕೆಗೆ ಕೊಳೆ ಕಾಣಿಸಿತು. ಎರಡೂ ಬೂಷ್ಟೇ ತಾನೆ, ಕಾಫಿಗೆ ನಾಟಿದ್ದು ಅಡಿಕೆಗೆ ನಾಟದೇ ಎಂದು ಮರ ಹತ್ತುವವರನ್ನು ಕರೆಸಿ ಹೊಡೆಸಿದೆವು. ಮಳೆ ಬಿಟ್ಟ ಮೂರು ದಿನಗಳೂ ಅದರಲ್ಲೇ ಕಳೆದವು. ಮುಂದಿನ ವಾರ ಮರದ ಬುಡದಲ್ಲಿ ಉದುರಿದ ಹಸಿಕಾಯಿಗಳನ್ನು ಕುಕ್ಕೆಗಟ್ಟಲೆ ಆರಿಸಿದೆವು. ಔಷಧಿಯದು ತಪ್ಪಲ್ಲ, ಅಂಗಡಿಯವರದೂ ತಪ್ಪಲ್ಲ, ತಪ್ಪು ನಮ್ಮದೇ. ಬೋರ್ಡೋ ಹೊಡೆಯಬಹುದಾಗಿದ್ದ ಆ ಮೂರು ದಿನ ಕೈಬಿಟ್ಟು ಹೋದದ್ದೇ ಔಷಧಿಯ ಬೆಲೆಗಿಂತ ದೊಡ್ಡ ನಷ್ಟ.

ಗೊಂದಲಕ್ಕೆ ಹೆಸರೂ ಒಂದು ಕಾರಣ. ಕಾಫಿಗೂ ಕೊಳೆರೋಗ ಬರುತ್ತದೆ. ಮುಂಗಾರಿನಲ್ಲಿ ಎಲೆ ಕಪ್ಪಾಗಿ ಕೊಳೆತು, ಜೇಡನ ಬಲೆಯಂಥ ಎಳೆಯಲ್ಲಿ ಜೋತಾಡುವ ಆ ರೋಗ ನಮಗೆಲ್ಲ ಗೊತ್ತು. ಇಂಗ್ಲೆಂಡಿನ ಎಂ. ಸಿ. ಕುಕ್ ಅವರು 1876ರಲ್ಲಿ ಅದರ ಶಿಲೀಂಧ್ರಕ್ಕೆ ನಾಮಕರಣ ಮಾಡುವಾಗ ನಮ್ಮ ‘ಕೊಳೆರೋಗ’ ಎಂಬ ಮಾತನ್ನೇ ಲ್ಯಾಟಿನ್ ಹೆಸರಿನಲ್ಲಿ ಸೇರಿಸಿದರು. 1958ರಲ್ಲಿ ಕೊಳೆರೋಗ ಎಂಬುದೇ ಆ ಶಿಲೀಂಧ್ರದ ಕುಲನಾಮವೂ ಆಯಿತು. ಆದರೆ ಕಾಫಿಯ ಈ ಕೊಳೆರೋಗ ತರುವುದು ನಿಜವಾದ ಶಿಲೀಂಧ್ರ, ಅದು ಅಣಬೆಗಳ ದೊಡ್ಡ ಕುಟುಂಬಕ್ಕೆ ಸೇರಿದ್ದು. ಅಡಿಕೆಯದು ಪಾಚಿಯ ದಾಯಾದಿ. ಹೆಸರು ಒಂದೇ ಎಂದು ಮದ್ದೂ ಒಂದೇ ಎನ್ನುವಂತಿಲ್ಲ.

ಹಾಗಾದರೆ ಬೋರ್ಡೋ ದ್ರಾವಣ ಎರಡಕ್ಕೂ ನಾಟುವುದು ಹೇಗೆ? ತಾಮ್ರ ಯಾವುದೋ ಒಂದು ಗಾರೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಮೊಳೆಯುವ ಬೀಜಕಣದೊಳಗೆ ನುಗ್ಗಿ ಕಂಡ ಕಂಡ ಪ್ರೋಟೀನುಗಳಿಗೆಲ್ಲ ಅಂಟಿ ಕೆಡಿಸುತ್ತದೆ. ಫ್ರಾನ್ಸಿನ ಮಿಲಾರ್ಡೆ ಅವರು 1885ರಲ್ಲಿ ಈ ದ್ರಾವಣವನ್ನು ಪ್ರಚಾರಕ್ಕೆ ತಂದದ್ದು ದ್ರಾಕ್ಷಿಯ ಬೂಜುರೋಗಕ್ಕೆ. ಅದನ್ನು ತರುವ ಜೀವಿಯೂ ಫೈಟಾಫ್ಥೊರದ ಹತ್ತಿರದ ನೆಂಟನೇ. ಆದರೆ ತಾಮ್ರ ಎಲೆಯ, ಕಾಯಿಯ ಮೇಲ್ಮೈಯಲ್ಲಿ ಮಾತ್ರ ಕಾವಲು ನಿಲ್ಲುತ್ತದೆ. ರೋಗ ಒಳಹೊಕ್ಕ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಮಳೆಗೆ ಮುಂಚೆಯೇ ಹೊಡೆಯಬೇಕೆನ್ನುವುದು ಈ ಕಾರಣಕ್ಕೆ.

ತುಕ್ಕಿನ ಕಿತ್ತಳೆ ಹುಡಿ

ಕಾಫಿಯ ಎಲೆ ತುಕ್ಕು ನಿಜವಾದ ಶಿಲೀಂಧ್ರ. ಅದರ ಹುಡಿಯ ಕಿತ್ತಳೆ ಬಣ್ಣ ಬೀಜಕಣದೊಳಗಿನ ಎಣ್ಣೆಯಲ್ಲಿ ಕರಗಿರುವ ಬಣ್ಣ. ಮೊಳೆಯುವ ಹೊತ್ತಿನ ಬುತ್ತಿಯೂ ಈ ಎಣ್ಣೆಯೇ. ಸುಮಾರು 22 ಡಿಗ್ರಿಯ ಹದವೂ ಎಲೆಯ ಮೇಲೆ ರಾತ್ರಿಯಿಡೀ ನಿಲ್ಲುವ ನೀರೂ ಸಿಕ್ಕರೆ ಇದು ಚೆನ್ನಾಗಿ ಮೊಳೆಯುತ್ತದೆ. 15 ಡಿಗ್ರಿಯ ಕೆಳಗೂ 28 ಡಿಗ್ರಿಯ ಮೇಲೂ ಮೊಳಕೆ ತೀರ ಕಡಿಮೆ. ಚಳಿ ಅಥವಾ ಸೆಖೆ ಹೆಚ್ಚಿದಾಗ ಎಲೆಯೊಳಗೆ ತಡೆದು ನಿಂತು, ಹದ ಬಂದೊಡನೆ ಹುಡಿ ಬಿಡುತ್ತದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಲ್ಸನ್ ಮೇಯ್ನ್ ಅವರು 1930ರ ದಶಕದಲ್ಲಿ ತುಕ್ಕಿನಲ್ಲೂ ಹಲವು ಪಂಗಡಗಳಿವೆ ಎಂದು ತೋರಿಸಿದ್ದರು. ತುಕ್ಕು ತಡೆಯುವ ತಳಿಗಳ ಹುಡುಕಾಟಕ್ಕೆ ಅದು ಬುನಾದಿಯಾಯಿತು.

ಎತ್ತರದ ಚಳಿ ತೋಟಗಳಿಗೆ ತುಕ್ಕಿನ ಕಾಟ ಕಡಿಮೆ ಎಂಬ ನಂಬಿಕೆ ಹಿಂದಿನಿಂದ ಇದೆ. ಮಧ್ಯ ಅಮೆರಿಕದಲ್ಲಿ 2012-13ರಲ್ಲಿ ಅದು ಹುಸಿಯಾಯಿತು. ಹಿಂದೆ ತುಕ್ಕು ಅಷ್ಟಾಗಿ ಮುಟ್ಟದ ಎತ್ತರದ ತೋಟಗಳಲ್ಲೂ ಎಲೆ ಉದುರಿತು. ಬೆಲೆ ಬಿದ್ದು ತೋಟದ ಆರೈಕೆ ಕುಗ್ಗಿದ್ದು ಒಂದು ಕಾರಣ, ಇರುಳಿನ ಚಳಿ ಮೊದಲಿನಷ್ಟು ಕೊರೆಯದಿದ್ದುದು ಇನ್ನೊಂದು. ನಮ್ಮ ಪಡುವಣ ಅಂಚಿನ ಕಾಫಿ ತೋಟದವರು ಇದನ್ನು ಗಮನದಲ್ಲಿಡಬೇಕು. ಚಳಿಯನ್ನು ಕಾವಲುಗಾರನೆಂದು ನಂಬಿ ಕೂರುವ ಕಾಲ ಇದಲ್ಲ.

ತುಕ್ಕಿಗೆ ಟ್ರಯಜೋಲ್ ಗುಂಪು ನಾಟುತ್ತದೆ. ಹಾಗೆಂದು ವರ್ಷವಿಡೀ ಅದನ್ನೇ ಹೊಡೆಯುವುದು ಜಾಣತನವಲ್ಲ. ಒಂದೇ ಬೀಗಕ್ಕೆ ಒಂದೇ ಕೀಲಿ ತಿರುಗಿಸುತ್ತಿದ್ದರೆ ಶಿಲೀಂಧ್ರ ಬೀಗವನ್ನೇ ಬದಲಿಸಿಕೊಳ್ಳುತ್ತದೆ. ಬೇರೆ ಬೆಳೆಗಳಲ್ಲಿ ಹೀಗಾಗಿದೆ. ಬೋರ್ಡೋ ದ್ರಾವಣವನ್ನು ಬಿಡದೆ, ಅಗತ್ಯ ಬಿದ್ದಾಗ ಮಾತ್ರ ಟ್ರಯಜೋಲ್ ಬಳಸುವುದು ಕ್ಷೇಮ.

ತೋಟದಲ್ಲಿ ಮಾಡಬೇಕಾದುದು

ಹೇಳಿದ್ದನ್ನು ಕೆಲಸದ ಮಾತಿಗೆ ಇಳಿಸಿದರೆ ಹೀಗಾಗುತ್ತದೆ:

1. ಅಡಿಕೆಯ ಕೊಳೆರೋಗ, ಆಲೂಗೆಡ್ಡೆಯ ಅಂಗಮಾರಿ: ಇವು ಪಾಚಿಯ ದಾಯಾದಿಗಳು. ಟ್ರಯಜೋಲ್ ಬೇಡ. ಅಡಿಕೆಗೆ ಶೇಕಡ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುನ್ನ, ಎರಡನೆಯದು 40ರಿಂದ 45 ದಿನಗಳ ನಂತರ. ಉದುರಿದ ಕಾಯಿಗಳನ್ನು ಮರದ ಬುಡದಲ್ಲಿ ಬಿಡದೆ ಆರಿಸಿ ತೆಗೆಯಬೇಕು. ಬಸಿಗಾಲುವೆ ಸರಿಯಾಗಿರಲಿ.

2. ಕಾಫಿಯ ತುಕ್ಕು: ನಿಜವಾದ ಶಿಲೀಂಧ್ರ. ಮುಂಗಾರಿಗೆ ಮುಂಚೆಯೂ ಮಳೆಗಾಲದ ನಂತರವೂ ಶೇಕಡ 0.5ರ ಬೋರ್ಡೋ ದ್ರಾವಣ. ರೋಗ ಮೀರಿದಾಗ ಕಾಫಿ ಮಂಡಳಿ ಸೂಚಿಸಿದ ಟ್ರಯಜೋಲ್, ಸೂಚಿಸಿದ ಪ್ರಮಾಣದಲ್ಲಿ.

3. ಕಾಫಿಯ ಕೊಳೆರೋಗ: ಮಳೆಗೆ ಮುನ್ನ ಮರಗಸಿ, ಗಿಡಕಸಿ ಮುಗಿಸಿ ಗಾಳಿ ಬೆಳಕು ಆಡುವಂತೆ ಮಾಡಬೇಕು. ರೋಗ ಬಂದ ಎಲೆ ರೆಂಬೆಗಳನ್ನು ತೆಗೆದು ತೋಟದಿಂದ ಆಚೆ ನಾಶಮಾಡಬೇಕು.

4. ಅಡಿಕೆ, ತೆಂಗಿನ ಅಣಬೆ ರೋಗವೂ ಈಚಿನ ವರ್ಷಗಳಲ್ಲಿ ಮಲೆನಾಡನ್ನು ಕಾಡುತ್ತಿರುವ ಅಡಿಕೆಯ ಎಲೆಚುಕ್ಕೆ ರೋಗವೂ ನಿಜವಾದ ಶಿಲೀಂಧ್ರಗಳಿಂದ ಬರುವಂಥವು. ಅಡಿಕೆಗೆ ಟ್ರಯಜೋಲ್ ಹೇಳಿದ್ದಾರೆ ಎಂಬ ಮಾತು ಕಿವಿಗೆ ಬಿದ್ದರೆ ಅದು ಯಾವ ರೋಗಕ್ಕೆ ಎಂದು ಮೊದಲು ಕೇಳಿಕೊಳ್ಳಿ.

5. ರೋಗ ಯಾವುದೆಂದು ಅನುಮಾನವಿದ್ದರೆ ಔಷಧಿ ಕೊಳ್ಳುವ ಮೊದಲು ಕಾಯಿ, ಎಲೆಯ ಮಾದರಿಯನ್ನು ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ಕಾಫಿ ಮಂಡಳಿ ಕಚೇರಿಗೋ ಒಯ್ದು ತೋರಿಸಿ. ಬಸ್ಸಿನ ಛಾರ್ಜು ಔಷಧಿಯ ಬೆಲೆಗಿಂತ ಅಗ್ಗ.

ರೋಗಾಣು ಯಾವ ಹವೆಗೆ ಒಗ್ಗುತ್ತದೆ ಎಂಬುದನ್ನು ಪೊರೆಯೊಂದೇ ತೀರ್ಮಾನಿಸುವುದಿಲ್ಲ. ಅದರ ಕಿಣ್ವಗಳು, ಗೋಡೆ, ಬೀಜಕಣದ ಬಲ ಎಲ್ಲವೂ ಸೇರುತ್ತವೆ. ಆದರೆ ಚಳಿ ಸೆಖೆಗಳ ಮೊದಲ ಪೆಟ್ಟು ಬೀಳುವುದು ಆ ತೆಳ್ಳನೆಯ ಎಣ್ಣೆಪೊರೆಯ ಮೇಲೆ. ನಮ್ಮ ಹಲವು ಔಷಧಿಗಳ ಪೆಟ್ಟೂ ಅಲ್ಲೇ ಬೀಳುತ್ತದೆ. ಬರುವ ಧನುರ್ಮಾಸದಲ್ಲಿ ತೆಂಗಿನೆಣ್ಣೆಯ ಶೀಸೆಯನ್ನು ಬಿಸಿಲಿಗಿಡುವಾಗ ಬೆಳೆಗಾರ ಬಂಧುಗಳು ಈ ಮಾತನ್ನು ನೆನಪಿಸಿಕೊಳ್ಳಲಿ. ಮುಂಗಾರಿಗೆ ಔಷಧಿಯ ಅಂಗಡಿಯ ಮೆಟ್ಟಿಲು ಹತ್ತುವಾಗ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. ನಮ್ಮ ತೋಟಕ್ಕೆ ಬಂದಿರುವುದು ಶಿಲೀಂಧ್ರವೋ, ಪಾಚಿಯ ದಾಯಾದಿಯೋ ಎಂಬುದು.